ಎಳ್ಳಿಲ್ಲದ ಪಂಚಕಜ್ಜಾಯ

ಎಂಬತ್ತರ ದಶಕದ ಆರಂಭದ ಒಂದು ಜನವರಿ. ಶನಿವಾರ ಬೆಳಿಗ್ಗೆ ಏಳೂಕಾಲಕ್ಕೆ ನಾವು ಮೂವರು ಕಾಪುವಿನಲ್ಲಿ ಉಡುಪಿಯ ಬಸ್ಸು ಹತ್ತಿದೆವು. ನಾನು, ಪತ್ನಿ ವಸಂತಿ ಮತ್ತು ನಾಲ್ಕೂವರೆ ವರ್ಷದ ಮಗಳು ಸುಧಾ. ಹೆದ್ದಾರಿಯ ಮೇಲೆ ತೆಳುವಾದ ಮಂಜಿತ್ತು. ಸಮುದ್ರದ ಕಡೆಯಿಂದ ಬರುವ ಗಾಳಿಗೆ ವಸಂತಿ ಮಗುವಿನ ತಲೆಗೆ ಸೆರಗು ಹೊದಿಸಿದ್ದಳು. ನಾನು ಪಾಠ ಮಾಡುವ ಶಾಲೆಗೆ ಒಂದು ದಿನದ ರಜೆ ಹಾಕಿದ್ದೆ. ಮಣಿಪಾಲದಲ್ಲಿ ವೈದ್ಯರನ್ನು ಕಂಡು, ಅಲ್ಲಿಂದ ಕಾರ್ಕಳದಲ್ಲಿ ಅತ್ತೆಯ, ಎಂದರೆ ವಸಂತಿಯ ತಾಯಿಯ, ಮನೆಗೆ ಹೋಗಿ, ಭಾನುವಾರ ಸಂಜೆ ಬೆಳ್ಮಣ್ ಮಾರ್ಗವಾಗಿ ಹಿಂತಿರುಗುವುದು ನಮ್ಮ ಯೋಜನೆ.

ನಮ್ಮಲ್ಲಿ ಎರಡು ಚೀಲಗಳಿದ್ದವು. ಬಟ್ಟೆಯ ಚೀಲ ನನ್ನ ಕೈಯಲ್ಲಿ. ಇನ್ನೊಂದು ವಸಂತಿಯ ತೊಡೆಯ ಮೇಲೆ. ಆ ಎರಡನೆಯದರಲ್ಲಿ ಸುಧಾಳಿಗೆಂದು ಮನೆಯಲ್ಲಿ ಮಾಡಿದ ಇಡ್ಲಿ, ಬೆಲ್ಲ, ಅವಳದೇ ತಟ್ಟೆ, ಅವಳದೇ ಚಮಚ, ಮತ್ತು ಒಂದು ಸಣ್ಣ ಶೀಸೆಯಲ್ಲಿ ಕೆಂಪು ಸಿರಪ್ಪು. ಹಿಂದಿನ ವರ್ಷ ನೆರೆಮನೆಯವರು ಕೊಟ್ಟ ಎಳ್ಳುಂಡೆ ತಿಂದ ಕಾಲು ಗಂಟೆಯಲ್ಲಿ ಅವಳ ಮೈಯೆಲ್ಲ ದದ್ದು ಎದ್ದು, ಕಣ್ಣು ಮುಚ್ಚಿಹೋಗಿತ್ತು. ಎಳ್ಳು ಅವಳ ಮೈಗೆ ಒಗ್ಗುವುದಿಲ್ಲ, ಇದಕ್ಕೆ ಅಲರ್ಜಿ ಎನ್ನುತ್ತಾರೆ ಎಂದು ಆಗ ವೈದ್ಯರು ಹೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಎಳ್ಳೂ ಇಲ್ಲ, ಎಳ್ಳೆಣ್ಣೆಯೂ ಇಲ್ಲ. ಆದರೂ ಕಾರ್ಕಳಕ್ಕೆ ಹೋದಾಗಲೆಲ್ಲ ಮಗುವಿಗೆ ದದ್ದು ಬರುತ್ತಿತ್ತು. ಕಳೆದ ಬಾರಿ ತುಟಿಯೂ ಊದಿತ್ತು. ಏಕೆ ಎಂಬುದು ನಮಗೆ ತಿಳಿದಿರಲಿಲ್ಲ. ಅದನ್ನು ಕಂಡುಹಿಡಿಯಲೇಬೇಕೆಂಬುದು ಈ ಪ್ರಯಾಣದ ಉದ್ದೇಶವಾಗಿತ್ತು.

ಉಡುಪಿಯಲ್ಲಿ ಇಳಿದಾಗ ಎಂಟು ಗಂಟೆ. ನಿಲ್ದಾಣದ ಬಳಿಯ ಹೋಟೆಲಿನಲ್ಲಿ ದೋಸೆಯ ಪರಿಮಳ ಮೂಗಿಗೆ ಬಡಿದು ಸುಧಾ ಅಲ್ಲಿಯೇ ನಿಂತುಬಿಟ್ಟಳು. ಇಡ್ಲಿಯ ಡಬ್ಬಿಯನ್ನು ತೋರಿಸಿದರೆ ಮುಖ ತಿರುಗಿಸಿದಳು. ವಸಂತಿ ಸಂಕೋಚಪಡದೆ ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋಗಿ, "ಕಾವಲಿಗೆ ಯಾವ ಎಣ್ಣೆ ಹಾಕುವುದು?" ಎಂದು ಕೇಳಿದಳು.

ದೋಸೆ ಹೊಯ್ಯುತ್ತಿದ್ದವರು ತಿರುಗಿ ನೋಡಿದರು. "ತೆಂಗಿನೆಣ್ಣೆ ಅಕ್ಕ. ಮತ್ತೆ ಎಂತ, ತುಪ್ಪ ಹಾಕುತ್ತೇವೆ ಎಂದು ಮಾಡಿದ್ದೀರಾ?"

"ಎಳ್ಳೆಣ್ಣೆ ಹಾಕುವುದುಂಟಾ?"

"ಎಳ್ಳೆಣ್ಣೆ ಹಾಕಿದರೆ ನಮ್ಮ ಧಣಿಗಳು ನನ್ನನ್ನೇ ಕಾವಲಿಗೆ ಹಾಕಿಯಾರು. ಮಗುವಿಗಾ? ಕೂರಿಸಿ, ಕಾವಲಿ ತೊಳೆದು ಕೊಡುತ್ತೇನೆ."

ಅವರು ನಿಜವಾಗಿಯೂ ಕಾವಲಿಯನ್ನು ಉಜ್ಜಿ ತೊಳೆದು, ಅಂಗೈಯಗಲದ ದೋಸೆಯೊಂದನ್ನು ಹೊಯ್ದು ಕೊಟ್ಟರು. ಸುಧಾ ಬೆರಳು ನೆಕ್ಕಿ ಮುಗಿಸುವವರೆಗೂ ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. ಇಂಥ ಮಗುವಿರುವ ಮನೆಯವರಿಗೆ ಏನೂ ಆಗದಿರುವುದೇ ಒಂದು ಸಂಭ್ರಮವೆಂಬುದನ್ನು ಬೇರೆಯವರಿಗೆ ವಿವರಿಸುವುದು ಕಷ್ಟ.

ಮಣಿಪಾಲದ ಏರನ್ನು ಬಸ್ಸು ಏದುಸಿರು ಬಿಡುತ್ತ ಹತ್ತಿತು. ಐದು ಕಿಲೋಮೀಟರಿಗೆ ಇಪ್ಪತ್ತು ನಿಮಿಷ. ವೈದ್ಯರು ಮೂವತ್ತು ದಾಟಿರದ ಮಹಿಳೆ. ವಸಂತಿ ಹಳೆಯ ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದ ಪಟ್ಟಿಯನ್ನು, ಎಂದು ಏನು ತಿಂದಳು, ಎಂದು ದದ್ದು ಬಂತು ಎಂಬ ವಿವರವನ್ನು, ಪುಟ ಪುಟವಾಗಿ ಓದಿದರು.

"ಕಾರ್ಕಳದಲ್ಲಿ ಯಾರೋ ಎಳ್ಳು ಕೊಡುತ್ತಿದ್ದಾರೆ," ಎಂದರು.

"ಸಾಧ್ಯವಿಲ್ಲ. ಎಲ್ಲರಿಗೂ ಸ್ಪಷ್ಟವಾಗಿ ಹೇಳಿದ್ದೇನೆ," ಎಂದೆ.

"ಹೇಳಿದ್ದೀರಿ. ಅವರಿಗೆ ಕೇಳಿಸಿದೆಯೋ?" ಅವರು ಸುಧಾಳ ಗಲ್ಲವನ್ನು ಮೆಲ್ಲನೆ ಎತ್ತಿ ಗಂಟಲನ್ನು ನೋಡಿದರು. "ನೋಡಿ, ಇದಕ್ಕೆ ಗುಣಪಡಿಸುವ ಮದ್ದು ಎಂಬುದಿಲ್ಲ. ತಪ್ಪಿಸುವುದೊಂದೇ ದಾರಿ. ಮೊದಲು ಚರ್ಮ, ಆಮೇಲೆ ತುಟಿ. ಇನ್ನೊಂದು ಸಲ ಗಂಟಲು ಊದಬಹುದು. ತುಟಿ ದಪ್ಪಗಾದರೆ ಸಿರಪ್ಪು ಕೊಟ್ಟು ಕಾಯುತ್ತ ಕೂರಬೇಡಿ, ಹತ್ತಿರದ ಡಾಕ್ಟರ ಬಳಿಗೆ ಓಡಿ."

ಮಧ್ಯಾಹ್ನದ ಬಿಸಿಲಿನಲ್ಲಿ ಕಾರ್ಕಳದ ಬಸ್ಸು ಹಿಡಿದೆವು. ದೊಡ್ಡವರಿಗೆ ಟಿಕೇಟು ಮೂರು ರೂಪಾಯಿಯ ಆಸುಪಾಸು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಟಿಕೇಟು ಬೇಡವೆಂದು ಕಂಡಕ್ಟರು ಉದಾರವಾಗಿ ನುಡಿದರು. ಪರ್ಕಳ, ಹಿರಿಯಡ್ಕ, ಬೈಲೂರು. ದಾರಿಯುದ್ದಕ್ಕೂ ಕೆಂಪು ಮುರಕಲ್ಲಿನ ಗುಡ್ಡಗಳು, ಹೂಬಿಟ್ಟ ಗೇರುಮರಗಳು. ಸುಧಾ ನನ್ನ ಎದೆಗೊರಗಿ ನಿದ್ರಿಸಿದಳು. ನಾನು ಸಂಜೆ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಸೋತದ್ದು ಕಡಿಮೆ. ವಿಷಯವನ್ನು ಮೂರು ಭಾಗ ಮಾಡಿ, ತತ್ತ್ವದಿಂದ ಆರಂಭಿಸಿ ನಿದರ್ಶನಕ್ಕೆ ಇಳಿಯುವುದು ನನ್ನ ಕ್ರಮ.

ಕಾರ್ಕಳದಲ್ಲಿ ಆನೆಕೆರೆಯ ಹತ್ತಿರದ ಓಣಿಯಲ್ಲಿ ಅತ್ತೆಯ ಮನೆ. ಅತ್ತೆ ಅಂಗಳದಲ್ಲಿಯೇ ಮೊಮ್ಮಗಳನ್ನು ಎತ್ತಿಕೊಂಡು, ಅಂಗಿಯ ತೋಳು ಸರಿಸಿ ಮೈಯನ್ನು ಪರೀಕ್ಷಿಸಿದರು. ಚರ್ಮದಲ್ಲಿ ಏಳುವ ದದ್ದೆಲ್ಲ ನಾಗನ ಮುನಿಸು ಎಂಬುದು ಅವರ ದೃಢವಾದ ನಂಬಿಕೆ. ಅದಕ್ಕಾಗಿಯೇ ಕಳೆದ ಐದು ತಿಂಗಳಿನಿಂದ ತಿಂಗಳಿಗೊಂದು ಪೂಜೆಯ ಹರಕೆ ಹೊತ್ತಿದ್ದರು. ಮರುದಿನ ಬೆಳಿಗ್ಗೆ ಮನೆಯ ಹಿಂದಿನ ನಾಗಬನದಲ್ಲಿ, ನಾಗನಿಗೆ ಹಾಲೆರೆಯುವ ತಂಬಿಲಸೇವೆಯೊಂದಿಗೆ ಆ ಹರಕೆ ಮುಗಿಯಬೇಕಿತ್ತು. ಅತ್ತೆಗೂ ನನಗೂ ಈ ವಿಷಯದಲ್ಲಿ ಮದುವೆಯ ದಿನದಿಂದಲೂ ಭಿನ್ನಾಭಿಪ್ರಾಯವುಂಟು. ಪೂಜೆ, ಪ್ರಸಾದ, ಹರಕೆಗಳ ವಿರುದ್ಧ ನಾನು ಯುವಕ ಸಂಘದಲ್ಲಿ ಮಾತನಾಡಿದವನು. ಅವರ ಮನೆಯ ಪ್ರಸಾದವನ್ನು ನಾನು ಒಮ್ಮೆಯೂ ಕೈಯೊಡ್ಡಿ ಪಡೆದವನಲ್ಲ.

ಚಹಾ ಕುಡಿದ ಮೇಲೆ ಚಾವಡಿಯಲ್ಲಿ ನಾನು ಮಾತು ಆರಂಭಿಸಿದೆ. ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದಾಗಿ, ಈ ವ್ಯಾಧಿಯ ವೈಜ್ಞಾನಿಕ ಸ್ವರೂಪ. ಎರಡನೆಯದಾಗಿ, ದೋಷವೆಂಬ ಕಲ್ಪನೆ ಏಕೆ ನಿರಾಧಾರ. ಮೂರನೆಯದಾಗಿ, ಎಳ್ಳು ಯಾವ ಯಾವ ರೂಪದಲ್ಲಿ ಮಗುವಿನ ಬಾಯಿಗೆ ಹೋಗಬಹುದು. ಸುಮಾರು ಇಪ್ಪತ್ತು ನಿಮಿಷ ಮಾತನಾಡಿದೆ. ಯಾರೂ ವಿರೋಧಿಸಲಿಲ್ಲ. ಅದನ್ನು ನಾನು ಸಮ್ಮತಿಯೆಂದು ತಿಳಿದೆ.

ಭಾನುವಾರ ಬೆಳಿಗ್ಗೆ ಭಟ್ಟರು ಬಂದರು. ಊಟದ ಅಡುಗೆಗೆಂದು ವಸಂತಿ ಒಳಗೆ ಉಳಿದಳು, ಬೇರೆಯವರೆಲ್ಲ ಬನಕ್ಕೆ ಹೋದರು. ನಾನು ಎಂದಿನಂತೆ ಚಾವಡಿಯಲ್ಲಿ ಪತ್ರಿಕೆ ಹಿಡಿದು ಕುಳಿತೆ. ಗಂಟೆಯ ಸದ್ದು ನಿಂತ ಸ್ವಲ್ಪ ಹೊತ್ತಿಗೆ ಸುಧಾ ಅಂಗಳವನ್ನು ದಾಟಿ ಬಂದವಳು, ನನ್ನನ್ನು ಕಂಡೊಡನೆ ತಡೆದು ನಿಂತು, ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿದಳು.

"ಕೈಯಲ್ಲಿ ಏನು ಮಗಾ?"

"ಎಂತ ಇಲ್ಲ."

"ತೋರಿಸು."

"ಅಜ್ಜಿ ಹೇಳಿದ್ದಾರೆ, ಅಪ್ಪನಿಗೆ ಹೇಳಬಾರದು ಅಂತ."

ಪುಟ್ಟ ಮುಷ್ಟಿಯನ್ನು ನಾನೇ ಬಿಡಿಸಿದೆ. ಕಡಲೆ, ಕಾಯಿತುರಿ, ಬೆಲ್ಲ ಬೆರೆಸಿದ ಪಂಚಕಜ್ಜಾಯ. ಅದರ ನಡುವೆ ಸಣ್ಣ ಕಪ್ಪು ಕಾಳುಗಳು. ಅವಳ ಬಾಯಂಚಿನಲ್ಲಿಯೂ ಒಂದು ಕಾಳು ಅಂಟಿಕೊಂಡಿತ್ತು. ಮೇಲ್ದುಟಿ ಆಗಲೇ ದಪ್ಪಗಾಗತೊಡಗಿತ್ತು.

ಕೂಗಿದ್ದು ನಾನೋ ವಸಂತಿಯೋ ನೆನಪಿಲ್ಲ. ವಸಂತಿ ಬಾಯಿ ತೊಳೆಸಿ ಸಿರಪ್ಪು ಕುಡಿಸಿದಳು. ನಾನು ಓಣಿಯ ತುದಿಗೆ ಓಡಿ ರಿಕ್ಷಾ ತಂದೆ. ಅತ್ತೆ ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ ನಮ್ಮೊಡನೆ ಹತ್ತಿ ಕುಳಿತರು. ಪೇಟೆಯ ಡಾಕ್ಟರು ಭಾನುವಾರವಾದರೂ ಮನೆಯಲ್ಲಿದ್ದರು. ಎರಡು ಚುಚ್ಚುಮದ್ದು ಕೊಟ್ಟು, ಇಲ್ಲಿಯೇ ಕುಳಿತಿರಿ ಎಂದರು. ಸುಧಾಳ ಉಸಿರಿನಲ್ಲಿ ಸಣ್ಣ ಸಿಳ್ಳಿನಂತಹ ಸದ್ದಿತ್ತು. ಆ ಸದ್ದು ಕರಗುವವರೆಗೆ, ಒಂದು ಗಂಟೆಗೂ ಹೆಚ್ಚು ಕಾಲ, ನಾವು ಮೂವರು ಹಿರಿಯರು ಒಂದು ಬೆಂಚಿನ ಮೇಲೆ ಕುಳಿತಿದ್ದೆವು. ಕೊನೆಗೆ ಮಗು ಕಣ್ಣು ತೆರೆದು, "ಅಜ್ಜಿ, ನೀರು" ಎಂದಾಗ ಅತ್ತೆ ಅಳಲಾರಂಭಿಸಿದರು.

"ನಿನ್ನೆಯಷ್ಟೇ ಹೇಳಿದೆನಲ್ಲ ಅತ್ತೆ," ಎಂದೆ. ನನ್ನ ಧ್ವನಿಯಲ್ಲಿ ಸಿಟ್ಟಿತ್ತು.

"ಎಂತ ಹೇಳಿದಿರಿ ಮಾಷ್ಟ್ರೇ? ನಾಗ ಇಲ್ಲ, ದೋಷ ಇಲ್ಲ ಎಂದಿರಿ. ಅದು ನೀವು ಯಾವಾಗಲೂ ಹೇಳುವುದೇ ಅಲ್ವಾ?"

"ಪಂಚಕಜ್ಜಾಯದಲ್ಲಿ ಎಳ್ಳು ಇರುತ್ತದೆ, ಕೊಡಬಾರದು ಎಂದೂ ಹೇಳಿದೆ. ಮೂರನೆಯ ಅಂಶದಲ್ಲಿ."

"ಮೂರನೆಯದ್ದು ಬರುವಾಗ ನಾನು ಅನ್ನಕ್ಕೆ ನೀರಿಡಲು ಹೋಗಿದ್ದೆ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ವಸಂತಿ ಎಳ್ಳು ಬೇಡ ಎಂದ ದಿನದಿಂದ ನನ್ನ ಅಡುಗೆಯಲ್ಲಿ ಒಂದು ಕಾಳು ಬಿದ್ದದ್ದಿಲ್ಲ. ಅರೆಯುವ ಕಲ್ಲನ್ನೂ ಬಿಸಿನೀರಲ್ಲಿ ತೊಳೆದಿದ್ದೇನೆ. ಆದರೆ ಪ್ರಸಾದ ಬೇಡ ಎನ್ನುವುದು ನಿಮ್ಮ ಹಳೇ ಹಠ. ಈ ಮನೆಗೆ ಬಂದ ಮೊದಲ ದಿನದಿಂದ ಬೇಡ ಬೇಡ ಎನ್ನುವವರು. ಇದೂ ಅದೇ ಎಂದು ಎಣಿಸಿದೆ. ಮಗುವಿಗೆ ಗುಣವಾಗಲಿ ಎಂದು ತಿಂಗಳು ತಿಂಗಳು ಹರಕೆ ಮಾಡಿಸಿ, ಬಂದಾಗೆಲ್ಲ ನಾನೇ ತಿನ್ನಿಸಿದೆನಲ್ಲ, ಈ ಕೈಯಲ್ಲಿ!"

ಅತ್ತೆ ನನ್ನ ಮಾತನ್ನು ಧಿಕ್ಕರಿಸಿರಲಿಲ್ಲ. ಮಗುವಿನ ಪ್ರಾಣಕ್ಕೆ ಸಂಬಂಧಿಸಿದ ಒಂದೇ ಒಂದು ಮಾತನ್ನು ನಾನು ನನ್ನ ಇತರ ನೂರು ನಿಲುವುಗಳ ನಡುವೆ ನಿಲ್ಲಿಸಿದ್ದೆ. ಅವರಿಗೆ ಅದು ಬೇರೆಯಾಗಿ ಕಾಣಿಸಲಿಲ್ಲ, ಅಷ್ಟೆ. ಅದಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೆನ್ನ ಹಿಂದೆ ಸರಿದ ಆ ಪುಟ್ಟ ಕೈ. ತಿಂದದ್ದನ್ನು ನನ್ನಿಂದ ಮುಚ್ಚಿಡಬೇಕೆಂದು ನನ್ನ ಮಗಳು ಕಲಿತಿದ್ದಳು. ಇಂಥ ಮಗುವಿಗೆ ಅದಕ್ಕಿಂತ ಅಪಾಯಕರವಾದ ಪಾಠ ಬೇರೊಂದಿಲ್ಲ. ಅದನ್ನು ಕಲಿಸಿದ್ದರಲ್ಲಿ ನನ್ನ ಪಾಲೂ ಇತ್ತು.

ಮನೆಗೆ ಬಂದಾಗ ಭಟ್ಟರು ಊಟ ಮಾಡದೆ ಜಗಲಿಯಲ್ಲಿ ಕಾಯುತ್ತಿದ್ದರು. ಅತ್ತೆ ನಡೆದದ್ದನ್ನೆಲ್ಲ ಹೇಳಿ, ಹರಕೆ ಕೆಟ್ಟಿತೇ ಎಂದು ಕೇಳಿದರು.

"ಎಂತ ಕೆಡುವುದು? ಎಳ್ಳು ಆಗದಿದ್ದರೆ ಎಳ್ಳು ಬಿಟ್ಟು ಮಾಡುವ," ಎಂದರು ಭಟ್ಟರು. "ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೇ? ನಾನೇನು ಕೈಯಲ್ಲಿ ಎಳ್ಳಿನ ಗೋಣಿ ಹಿಡಿದುಕೊಂಡು ತಿರುಗುವವನಾ?"

ಅತ್ತೆ ನನ್ನ ಕಡೆಗೆ ತಿರುಗಿದರು. "ಮಾಷ್ಟ್ರೇ, ನನ್ನ ಕೈಯ ಮೇಲೆ ನನಗೀಗ ಧೈರ್ಯವಿಲ್ಲ. ನೀವೇ ಕಲಸಿ. ನೀವು ಕಲಸಿದ್ದರಲ್ಲಿ ಒಂದು ಕಾಳು ಬೀಳುವುದಿಲ್ಲ ಎಂದು ನನಗೆ ಗೊತ್ತುಂಟು."

ತತ್ತ್ವದ ಪ್ರಶ್ನೆಯನ್ನು ಎತ್ತಬಹುದಿತ್ತು. ಎತ್ತಲಿಲ್ಲ. ಹೊಸ ಪಾತ್ರೆಯೊಂದನ್ನು ಎರಡು ಬಾರಿ ತೊಳೆದು, ಅಡುಗೆಮನೆಯ ನೆಲದ ಮೇಲೆ ಕುಳಿತೆ. ಅತ್ತೆ ಕಾಯಿ ತುರಿದು ಕೊಟ್ಟರು, ವಸಂತಿ ಬೆಲ್ಲ ಹೆರೆದು ಕೊಟ್ಟಳು, ನಾನು ಹುರಿಗಡಲೆ ಹಿಟ್ಟಿಗೆ ತುಪ್ಪ ಬಿಟ್ಟು ಕಲಸಿದೆ. ನೀರು ಸೇರಿತಲ್ಲ ಎಂದರು ಅತ್ತೆ. ಅದು ನೀರಲ್ಲ, ಇವರ ಕೈ ಬೆವರು ಎಂದು ವಸಂತಿ ನಕ್ಕಳು. ಭಟ್ಟರು ಅದನ್ನು ಬನಕ್ಕೆ ಒಯ್ದು ತಂದರು. ನಾನೂ ಹಿಂದೆ ಹೋಗಿ ನಿಂತಿದ್ದೆ, ಮಗುವನ್ನು ಎತ್ತಿಕೊಂಡು. ನನ್ನ ನಂಬಿಕೆ ಬದಲಾಗಿರಲಿಲ್ಲ; ನಿಂತ ಜಾಗ ಬದಲಾಗಿತ್ತು.

ಅತ್ತೆ ಎಲೆಯಲ್ಲಿ ಪ್ರಸಾದವನ್ನು ನೀಡಿದಾಗ ಸುಧಾ ಕೈಚಾಚಲಿಲ್ಲ. ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಅಪ್ಪ, ಇದು ತಿಂದರೆ ನಿಮಗೆ ಸಿಟ್ಟು ಬರುತ್ತದಾ?"

"ಇಲ್ಲ ಮಗಾ. ಆದರೆ ಯಾರು ಏನು ಕೊಟ್ಟರೂ ಮೊದಲು ನನಗೋ ಅಮ್ಮನಿಗೋ ತೋರಿಸು. ನಾನು ಬಯ್ಯುವುದಿಲ್ಲ."

ಅವಳು ಅಂಗೈ ಬಿಚ್ಚಿ ನನ್ನ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ನಾನು ಹಣಕಿ ನೋಡಿ ತಲೆಯಾಡಿಸಿದೆ. ಅವಳು ತಿಂದಳು. ಆಮೇಲೆ ನಾನೂ ಕೈಯೊಡ್ಡಿದೆ.

ಮಗು ಚೇತರಿಸಿಕೊಂಡದ್ದನ್ನು ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ, ಐದು ಗಂಟೆಗೆ ಪಡುಬಿದ್ರೆಯ ಬಸ್ಸು ಹತ್ತಿದೆವು. ಅತ್ತೆ ನಿಲ್ದಾಣದವರೆಗೆ ಬಂದಿದ್ದರು. ಬಸ್ಸು ತುಂಬಿತ್ತು, ನಮ್ಮ ಪಕ್ಕದಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬರು ಸುಧಾಳನ್ನು ಮಾತನಾಡಿಸುತ್ತಿದ್ದರು. ಚಾಲಕ ಎಂಜಿನ್ ಚಾಲೂ ಮಾಡಿದಾಗ ಅತ್ತೆ ಕಿಟಕಿಯ ಸರಳು ಹಿಡಿದು, ಜನ್ಮದಲ್ಲಿ ಎಂದೂ ಸ್ವರವೇರಿಸಿ ಮಾತನಾಡದವರು, ಬಸ್ಸಿಗೆ ಬಸ್ಸೇ ಕೇಳುವಂತೆ ಕೂಗಿದರು:

"ಅಕ್ಕ, ಆ ಮಗುವಿಗೆ ಎಳ್ಳು ಆಗುವುದಿಲ್ಲ! ಎಂತದೂ ಕೊಡಬೇಡಿ!"

ಎಲ್ಲರೂ ತಿರುಗಿ ನೋಡಿದರು. ಬುಟ್ಟಿಯ ಹೆಂಗಸು ಸೆರಗಿನಡಿಯ ಪೊಟ್ಟಣವನ್ನು ಒಳಗೆ ಸರಿಸಿಕೊಂಡರು. "ಆಯ್ತು ಅಮ್ಮ, ನಾನು ನೋಡಿಕೊಳ್ಳುತ್ತೇನೆ. ರೈಟ್!" ಎಂದು ಕಂಡಕ್ಟರು ಸೀಟಿ ಊದಿದರು.

ಬಸ್ಸು ತಿರುವು ತೆಗೆದುಕೊಳ್ಳುವಾಗ ನಾನು ಹಿಂತಿರುಗಿ ನೋಡಿದೆ. ಅತ್ತೆ ನಿಲ್ದಾಣದ ಮಿಠಾಯಿ ಅಂಗಡಿಯ ಮುಂದೆ ನಿಂತು, ಕೈ ಅಲ್ಲಾಡಿಸುತ್ತ, ಅಂಗಡಿಯವನಿಗೆ ಏನನ್ನೋ ಹೇಳಲು ಆರಂಭಿಸಿದ್ದರು.