ಎರಡು ತಿಂಗಳು, ಎರಡು ವಾರ

ಹೊಳೆಯ ಈಚೆ ದಡ ಒಂದು ದೇಶ, ಆಚೆ ದಡ ಇನ್ನೊಂದು ದೇಶ. ಈ ಎರಡೂ ದೇಶದವರು ‘ಇವರು ನಮ್ಮವರು’ ಎಂದು ಹೇಳಿಕೊಳ್ಳುವ ಅಧಿಕಾರಿ ಯಾರಾದರೂ ಇದ್ದರೆ ಅವರು ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಗಡಿ ಜಿಲ್ಲೆಯ ಮಲೇರಿಯಾ ಅಧಿಕಾರಿಗಳು. ಜನ ಅವರನ್ನು ಪ್ರೀತಿಯಿಂದ ‘ಜ್ವರದಮ್ಮ’ ಎಂದರು. ಕಚೇರಿಯಲ್ಲಿ ನಾವು ಮೇಡಂ ಎಂದೆವು. ಹದಿನೈದು ವರ್ಷ ಅವರ ಕೈಕೆಳಗೆ ದುಡಿದವನೆಂದು ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕ ಮಂಡಳಿಯವರು ನನ್ನಿಂದ ನಾಲ್ಕು ಒಳ್ಳೆಯ ಮಾತು ಕೇಳಿದ್ದಾರೆ. ಒಳ್ಳೆಯ ಮಾತಿಗೇನೂ ಬರವಿಲ್ಲ. ಅವನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬುದನ್ನು ಮಾತ್ರ ಓದುಗರು ಕೊನೆಯವರೆಗೆ ಓದಿ ತೀರ್ಮಾನಿಸಬೇಕು.

ಅವರು ಇಲ್ಲಿಗೆ ಬಂದಾಗ ಎರಡು ದಡಗಳ ಕಚೇರಿಗಳಿಗೆ ಮಾತುಕತೆಯೇ ಇರಲಿಲ್ಲ. ನಾವು ಸೊಳ್ಳೆಯ ಔಷಧಿ ಸಿಂಪಡಿಸಿದ ಮೂರು ತಿಂಗಳಿಗೆ ಅವರು ಸಿಂಪಡಿಸುತ್ತಿದ್ದರು. ನಾವು ಗುಡಿಸಿದ ಕಸ ಅವರ ಅಂಗಳಕ್ಕೆ, ಅವರು ಗುಡಿಸಿದ್ದು ನಮ್ಮ ಅಂಗಳಕ್ಕೆ ಎಂಬಂತಾಗಿತ್ತು. ಮೇಲಿನವರ ಆದೇಶಕ್ಕೂ ಕಾಯದೆ ಮೇಡಂ ಒಂದು ದಿನ ಪರೀಕ್ಷೆಗೆ ರೋಗಿಗಳ ರಕ್ತ ಸವರಿದ ಗಾಜುಗಳ ಪೆಟ್ಟಿಗೆಯನ್ನು ಎತ್ತಿಕೊಂಡು ದೋಣಿ ಹತ್ತಿ, ಆಚೆ ದಡದ ಡಾಕ್ಟರ ಎದುರು ಕೂತರಂತೆ. “ನಮ್ಮ ಗಾಜು ನೀವು ನೋಡಿ, ನಿಮ್ಮದು ನಾವು ನೋಡ್ತೀವಿ. ತಪ್ಪಿದ್ರೆ ಮುಖಕ್ಕೇ ಹೇಳಿ” ಎಂದರಂತೆ. ಎರಡೂ ಕಡೆ ಒಂದೇ ವಾರ ಸಿಂಪಡಣೆ, ಒಂದು ದಿನದೊಳಗೆ ರೋಗಿಯ ವಿವರದ ವಿನಿಮಯ, ತಿಂಗಳಿಗೊಂದು ಸಭೆ, ಎಲ್ಲವೂ ಅಲ್ಲಿಂದ ಶುರುವಾಯಿತು. ಸರ್ಕಾರಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು ಆರು ವರ್ಷ ತಡವಾಗಿ. ಅದರ ಫೋಟೋದಲ್ಲಿ ಮೇಡಂ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವಂತೆ ನಿಂತಿದ್ದಾರೆ.

ನಾನು ಕೆಲಸಕ್ಕೆ ಸೇರಿದಾಗ ಸೂಕ್ಷ್ಮದರ್ಶಕದಲ್ಲಿ ರೋಗಾಣು ಯಾವುದು, ಬಣ್ಣದ ಕಸ ಯಾವುದು ಎಂದು ತಿಳಿಯದ ಶುದ್ಧ ಶುಂಠಿ. “ಇದೆ ಅನ್ನೋಕೆ ಒಂದು ಕಡೆ ಕಂಡ್ರೆ ಸಾಕು, ಇಲ್ಲ ಅನ್ನೋಕೆ ನೂರು ಕಡೆ ನೋಡಬೇಕು” ಎಂದು ಪಕ್ಕದಲ್ಲಿ ಕೂತು ಕಲಿಸಿದರು. ನನ್ನ ಕಣ್ಣು ನೀರಾಡುವುದನ್ನು ಕಂಡು ತಾವೇ ಕನ್ನಡಕದ ಅಂಗಡಿಗೆ ಕರೆದೊಯ್ದು, “ಈ ಫ್ರೇಮಲ್ಲಿ ಹೆಡ್‌ಮಾಸ್ಟರ್ ಥರ ಕಾಣ್ತೀಯ, ತೆಗಿ” ಎಂದು ನಗಿಸಿದರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನ ತಮ್ಮ ಕೆಲಸದ ಜೊತೆಗೆ ನನ್ನ ಮನೆಭೇಟಿಗಳನ್ನೂ ಮಾಡಿದರು. ಅದನ್ನು ನನಗೆ ಹೇಳಿದ್ದು ಕಚೇರಿಯ ಜವಾನ, ಮೇಡಂ ಅಲ್ಲ. ಇಂಥವರಿಗೆ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ಸ್ಥಳೀಯವಾಗಿ ಹುಟ್ಟಿದ ಒಂದೂ ಪ್ರಕರಣವಿಲ್ಲದೆ ಸತತ ಮೂರು ವರ್ಷ ಕಳೆದರೆ ಮಾತ್ರ ದೇಶಕ್ಕೆ ಮಲೇರಿಯಾಮುಕ್ತವೆಂಬ ಪ್ರಮಾಣಪತ್ರ ಸಿಗುತ್ತದೆ. ಹೊರದೇಶದಲ್ಲಿ ಅಂಟಿಸಿಕೊಂಡು ಬಂದ ಜ್ವರ ಆ ಲೆಕ್ಕಕ್ಕಿಲ್ಲ. ಹನ್ನೊಂದು ವರ್ಷದ ಹಿಂದೆ, ಮೂರನೆಯ ವರ್ಷ ಮುಗಿಯಲು ಐದೇ ತಿಂಗಳಿದ್ದಾಗ, ಗರಗಸದ ಬೀದಿಯ ಬಡಗಿಯೊಬ್ಬರಿಗೆ ಜ್ವರ ಬಂತು. ಗಾಜಿನಲ್ಲಿ ರೋಗಾಣು ಕಂಡಿತು. ವಿಚಾರಣೆಗೆ ಹೋದವನು ನಾನು. ಹೊಳೆಯಾಚೆ ಹೋಗಿದ್ದಿರಾ ಎಂದು ಕೇಳಿದೆ. “ಹೋಗಿದ್ದೆ ಸಾರ್, ಮರ ನೋಡೋಕೆ. ಎರಡು ತಿಂಗಳಾಯ್ತು” ಎಂದರು. ಅದು ಕಚ್ಚಿದ ಎರಡು ವಾರದ ಆಸುಪಾಸಿನಲ್ಲೇ ಮೇಲೇಳುವ ಜಾತಿಯ ಜ್ವರ. ಎರಡು ತಿಂಗಳೆಂದರೆ ನಮ್ಮ ಬೀದಿಯದೇ ಜ್ವರ, ನಮ್ಮ ಸೊನ್ನೆ ಹೋಯಿತು. ನಾನು ಫಾರ್ಮಿನಲ್ಲಿ ‘ಎರಡು ವಾರದ ಹಿಂದೆ’ ಎಂದು ಬರೆದೆ. ಯಾರೂ ನನಗೆ ಹಾಗೆ ಬರೆ ಎನ್ನಲಿಲ್ಲ. ಎಲ್ಲರೂ ಅದನ್ನೇ ಬಯಸುತ್ತಿದ್ದಾರೆಂದು ನಾನೇ ಅಂದುಕೊಂಡೆ, ಶಭಾಷ್‌ಗಿರಿಯ ಆಸೆಗೆ ಬಿದ್ದೆ.

ಹೊರಗಿನ ಜ್ವರವೆಂದ ಮೇಲೆ ಆ ಬೀದಿಯಲ್ಲಿ ಮನೆಮನೆ ತಪಾಸಣೆ ನಡೆಯಲಿಲ್ಲ. ಆಚೆ ದಡದವರು ನಮ್ಮ ಮಾತು ನಂಬಿ ತಮ್ಮ ಮರದ ಮಾರುಕಟ್ಟೆಯನ್ನು ಜಾಲಾಡಿ, ಇಲ್ಲದ ರೋಗವನ್ನು ಹನ್ನೆರಡು ದಿನ ಹುಡುಕಿದರು. ಹದಿಮೂರನೆಯ ದಿನ ಬಡಗಿಯ ಎಂಟು ವರ್ಷದ ಮಗಳು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಳು. ಆ ಮಗು ಹೊಳೆಯನ್ನೇ ದಾಟಿರಲಿಲ್ಲ. ಜೀವ ಉಳಿಯಿತು, ಬಲಗಿವಿ ಹೋಯಿತು. ಮೊದಲ ದಿನವೇ ತಪಾಸಣೆ ನಡೆದಿದ್ದರೆ ಮೂರು ದಿನದ ಮಾತ್ರೆಯಲ್ಲಿ ಮುಗಿಯುತ್ತಿತ್ತು.

ಮೇಡಂ ತಾವೇ ಆ ಮನೆಗೆ ಹೋಗಿ ಬಂದರು. ಸಂಜೆ ಪ್ರಕರಣವನ್ನು ಸ್ಥಳೀಯವೆಂದು ತಿದ್ದಿ, ‘ನನ್ನ ಕಚೇರಿಯ ತಪ್ಪು’ ಎಂದು ಬರೆದು ರಾಜಧಾನಿಗೆ ಕಳಿಸಿದರು. ಪ್ರಮಾಣಪತ್ರಕ್ಕೆಂದು ಸಿದ್ಧವಾಗುತ್ತಿದ್ದ ಸಮಾರಂಭ ರದ್ದಾಯಿತು, ಅವರ ಬಡ್ತಿ ಕೈತಪ್ಪಿತು, ‘ಸೊನ್ನೆ ಕೆಡಿಸಿದಾಕೆ’ ಎಂಬ ಬಿರುದು ಬಂತು. ಮರುದಿನ ಆಚೆ ದಡಕ್ಕೆ ಹೊರಟಾಗ ಫೈಲು ಹಿಡಿಯಲು ನನ್ನನ್ನೇ ಕರೆದೊಯ್ದರು. “ನಿಮ್ಮ ಸೊನ್ನೆ ಹೋಯ್ತಲ್ಲಮ್ಮ” ಎಂದು ಡಾಕ್ಟರು ಮರುಗಿದರು. “ಅದು ಹೋಗ್ಲಿ ಡಾಕ್ಟ್ರೇ. ನಿಮ್ಮ ಹನ್ನೆರಡು ದಿನ ಹಾಳು ಮಾಡಿದೀವಿ, ಕ್ಷಮೆ ಕೇಳೋಕೆ ಬಂದೆ” ಎಂದರು ಮೇಡಂ. ವಾಪಸ್ ಬರುವಾಗ ದೋಣಿಯಲ್ಲಿ ನನ್ನನ್ನು ಒಂದೇ ಮಾತು ಕೇಳಿದರು.

“ಏನಾದ್ರೂ ಹೇಳೋದಿದೆಯಾ?”

“ಇಲ್ಲ ಮೇಡಂ” ಎಂದೆ.

ಅವರು ಮತ್ತೆ ಕೇಳಲಿಲ್ಲ. ಆಮೇಲೆ ಪ್ರತಿ ರೋಗಿಯನ್ನೂ ಇಬ್ಬರು ಬೇರೆ ಬೇರೆಯಾಗಿ ವಿಚಾರಿಸಬೇಕೆಂಬ ನಿಯಮವನ್ನು ಎರಡೂ ದಡಗಳಲ್ಲಿ ತಂದರು. ಆ ನಿಯಮದ ಬಗ್ಗೆ ಅಂತರರಾಷ್ಟ್ರೀಯ ಸಭೆಯೊಂದರಲ್ಲಿ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದ ಭಂಡ ನಾನೇ. ವರದಿಯಲ್ಲಿ ಏನೇ ಇರಲಿ, ಬಡಗಿ ಸುಳ್ಳು ಹೇಳಿ ದೇಶಕ್ಕೇ ಮಸಿ ಬಳಿದನೆಂದು ಊರು ಆಡಿಕೊಂಡಿತು. ಅದನ್ನೂ ಕಿವಿಯಾರೆ ಕೇಳಿಕೊಂಡು ಸುಮ್ಮನಿದ್ದೆ. ವರ್ಷಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗಿ, ಕಡೆಗೆ ಎರಡೂ ದೇಶಗಳಿಗೆ ಪ್ರಮಾಣಪತ್ರ ಒಟ್ಟಿಗೇ ಬಂದಾಗ ಎಲ್ಲರ ಜೊತೆ ನಿಂತು ನಾನೂ ನಕ್ಕೆ. ಮೇಡಂ ಖಾಲಿ ಮಾಡುವ ಹುದ್ದೆಗೆ ಈಗ ನನ್ನನ್ನೇ ಆರಿಸಿದ್ದಾರೆ. ನಾಚಿಕೆಯಿಂದ ಸತ್ತೇಹೋಗಬೇಕು ಎನ್ನುತ್ತಾರಲ್ಲ, ಅದು ಏನೆಂದು ಆ ಆದೇಶ ಕೈಗೆ ಬಂದ ದಿನ ತಿಳಿಯಿತು.

ಕಳೆದ ಭಾನುವಾರ ಬಡಗಿಯ ಮನೆಗೆ ಹೋದೆ. ಅವರ ಮುಖ ನೋಡದೆ ಇದನ್ನು ಅಚ್ಚಿಗೆ ಕೊಟ್ಟರೆ ಅದು ಇನ್ನೊಂದು ಹೇಡಿತನ. ಅವರು ಬಾಗಿಲ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದರು. ಹತ್ತೊಂಬತ್ತರ ಮಗಳು ನನ್ನ ಮಾತು ಕೇಳಲೆಂದು ಎಡಗಿವಿ ನನ್ನ ಕಡೆಗಾಗುವಂತೆ ತಿರುಗಿ ಕೂತಳು. ಎಲ್ಲ ಹೇಳಿದೆ.

“ಗೊತ್ತು ಸಾರ್” ಎಂದರು ಬಡಗಿ. “ಎರಡು ತಿಂಗಳು ಅಂತ ಹೇಳಿದ್ದು ನಾನೇ ಅಲ್ವಾ? ಮೇಡಂಗೂ ಅವತ್ತೇ ಗೊತ್ತಾಯ್ತು. ನಿಮ್ಮ ಮೇಲೆ ದೂರು ಕೊಡೋಕೆ ಹೊರಟಿದ್ದೆ. ಅವರೇ ಇಲ್ಲಿ ಕೂತು ತಡೆದ್ರು, ಅವರ ಮುಖ ನೋಡಿ ಆಮೇಲೂ ಕೊಡಲಿಲ್ಲ. ‘ಹುಡುಗ ಕೆಟ್ಟವನಲ್ಲ ಅಣ್ಣಾ, ತಾನಾಗೇ ಬಂದು ಹೇಳ್ತಾನೆ, ಒಂದು ವಾರ ಟೈಮ್ ಕೊಡಿ’ ಅಂದ್ರು.”



ಇದರ ಒಂದು ಪ್ರತಿಯನ್ನು ಮೇಲಿನವರಿಗೂ ಕಳಿಸಿದ್ದೇನೆ. ಹುದ್ದೆಯ ವಿಷಯ ಅವರಿಗೆ ಬಿಟ್ಟದ್ದು. ಮೇಡಂ ನಿವೃತ್ತಿಯ ನಂತರ ಆಚೆ ದಡದ ತರಬೇತಿ ಶಾಲೆಯಲ್ಲಿ ಕಲಿಸಲು ಒಪ್ಪಿದ್ದಾರೆ. ಅವರು ನೂರ್ಕಾಲ ಆರೋಗ್ಯದಿಂದ ಬಾಳಲಿ, ಅವರ ಕೆಲಸ ನಿಲ್ಲದಿರಲಿ. ಅಲ್ಲಿ ಅವರಿಗೆ ಸಿಗುವ ಶಿಷ್ಯರಾದರೂ ಒಂದು ವಾರದೊಳಗೆ ಬಂದು ನಿಜ ಹೇಳುವವರಾಗಿರಲಿ.