ಸರದಿಯಲ್ಲಿ ನಿಂತ ಮತಪತ್ರಗಳು

ಅಣ್ಣನನ್ನು ಮದುವೆಯಾಗಿ ಈ ದೇಶಕ್ಕೆ ಬಂದಾಗ ನಮ್ಮತ್ತಿಗೆಗೆ ಪ್ರಿಂಟರಿನ ಮುಚ್ಚಳ ಯಾವ ಕಡೆಗೆ ತೆರೆಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಒಂದು ವಿಮಾ ಕಂಪನಿಯ ಮುಂಬಾಗಿಲಲ್ಲಿ ಕೂತು ಬಂದುಹೋಗುವವರನ್ನು ವಿಚಾರಿಸುವ ಕೆಲಸ ಸಿಕ್ಕಿತ್ತು. ಅವರ ಕುರ್ಚಿಯ ಬೆನ್ನಿಗೇ ಒಂದು ದೊಡ್ಡ ಪ್ರಿಂಟರ್. ಮೇಲಿನ ಮಹಡಿಯವರೆಲ್ಲ ಅಲ್ಲಿಗೆ ಕಾಗದ ಕಳಿಸಿ, ಮೆಟ್ಟಿಲಿಳಿದು ಬಂದು, ಟ್ರೇ ಖಾಲಿ ಇದ್ದರೆ ಅತ್ತಿಗೆಯ ಮುಖ ನೋಡುತ್ತಿದ್ದರು. ತನಗೇನೂ ಗೊತ್ತಿಲ್ಲವೆಂದು ಎಷ್ಟು ಸಲ ಹೇಳುವುದು? ರಿಪೇರಿಯವರು ಬಂದಾಗ ಪಕ್ಕದಲ್ಲೇ ನಿಂತು ನೋಡತೊಡಗಿದರು. ಆಮೇಲೆ ಸಂಜೆಯ ತರಗತಿಗೆ ಸೇರಿದರು, ಪರೀಕ್ಷೆಗೆ ಕಟ್ಟಿದರು, ಪಾಸಾದರು. ಈಗ ಆ ಕಟ್ಟಡದ ಎಲ್ಲ ಮಹಡಿಗಳ ಪ್ರಿಂಟರುಗಳೂ, ಅವನ್ನು ಕಂಪ್ಯೂಟರುಗಳಿಗೆ ಹೆಣೆದಿರುವ ಜಾಲವೂ ಅವರ ಸುಪರ್ದಿನಲ್ಲಿವೆ. ಅವರ ಕೋಣೆಯ ಬಾಗಿಲಿಗೆ ಹುದ್ದೆಯ ಫಲಕ ಹಾಕಿದ ದಿನ ಅಣ್ಣ ಅದರ ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸಿದ.

ಪ್ರಿಂಟರುಗಳಿಗೆ ಆಫೀಸಿನವರು ಕೊಟ್ಟ ನಂಬರುಗಳಿವೆ. ಮನೆಯಲ್ಲಿ ಮಾತಾಡುವಾಗ ಅತ್ತಿಗೆ ಬಳಸುವ ಹೆಸರುಗಳೇ ಬೇರೆ. ಮೂರನೇ ಮಹಡಿಯದು ಚಿಕ್ಕಪ್ಪ. ಏನು ಕೆಲಸ ಹೇಳಿದರೂ ಮೊದಲು ಒಂದಿಷ್ಟು ಗೊಣಗಿ, ಆಮೇಲೆ ನೀಟಾಗಿ ಮಾಡಿಕೊಡುತ್ತದೆ. ಲೆಕ್ಕಪತ್ರ ವಿಭಾಗದ್ದು ಸೋದರತ್ತೆ. ಸ್ವಲ್ಪ ದಪ್ಪ ಕಾಗದ ಇಟ್ಟರೂ ಮುನಿಸಿಕೊಂಡು ಕೂರುತ್ತದೆ. ಊಟಕ್ಕೆ ಕೂತಾಗ ‘ಇವತ್ತು ಸೋದರತ್ತೆ ಬಾಯಿಗೆ ಕೈ ಹಾಕಿ ಕಾಗದ ಎಳೆದೆ’ ಎಂದು ಅವರು ಹೇಳಿದರೆ ಹೊಸಬರು ಗಾಬರಿಯಾಗಬೇಕು.

ಆದರೆ ಒಂದು ವಿಷಯದಲ್ಲಿ ಅವರು ನಗುವುದಿಲ್ಲ. ಹಿಂದೊಮ್ಮೆ ಯಾರೋ ಹೆಂಗಸಿನ ವೈದ್ಯಕೀಯ ವರದಿ ಟ್ರೇಯಲ್ಲಿ ಅನಾಥವಾಗಿ ಬಿದ್ದು, ಅದನ್ನು ಇನ್ನಾರೋ ಓದಿ, ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸಿನ ಕಾಯಿಲೆ ಇಡೀ ಮಹಡಿಯ ಬಾಯಲ್ಲಿತ್ತು. ಮೇಲಿನವರು ತಕರಾರು ಮಾಡಿದರೂ ಬಿಡದೆ, ಅತ್ತಿಗೆ ಹಟ ಹಿಡಿದು ಹೊಸ ವ್ಯವಸ್ಥೆ ತಂದರು. ಕಳಿಸಿದವರೇ ಬಂದು ತಮ್ಮ ಗುರುತಿನ ಕಾರ್ಡು ಮುಟ್ಟಿಸಿದರೆ ಮಾತ್ರ ಕಾಗದ ಹೊರಗೆ ಬರುತ್ತದೆ. ಅಲ್ಲಿಯವರೆಗೆ ಅದು ಯಂತ್ರದೊಳಗಿನ ಸರದಿಯಲ್ಲಿ ಕಾಯುತ್ತಿರಬೇಕು. ಯಾರು ಏನು ಪ್ರಿಂಟ್ ಮಾಡುತ್ತಾರೆ ಎಂಬುದೆಲ್ಲ ಅತ್ತಿಗೆಯ ಪರದೆಯ ಮೇಲೆ ಕಾಣುತ್ತದೆ. ಒಂದು ದಿನವೂ ಅದರ ಸುದ್ದಿ ಮನೆಗೆ ತಂದವರಲ್ಲ. ನಾನೇ ಕುತೂಹಲ ತಡೆಯಲಾರದೆ ಕೇಳಿದರೆ, ‘ನನ್ನ ಕೆಲಸ ಕಾಗದ ತಲುಪಿಸೋದು, ಓದೋದಲ್ಲ’ ಎನ್ನುತ್ತಿದ್ದರು.

ಇನ್ನು ಓಟಿನ ವಿಷಯ. ನಾವು ಬಿಟ್ಟುಬಂದ ನಮ್ಮ ದೇಶ ಕಾನೂನು ತಿದ್ದಿ ಹೊರಗಿರುವ ನಾಗರಿಕರಿಗೂ ಓಟು ಕೊಟ್ಟಿದೆ. ಆದರೆ ಓಟು ಇರುವುದು ಬೇರೆ, ಹಾಕಲು ಆಗುವುದು ಬೇರೆ. ಮೊದಲನೇ ಚುನಾವಣೆಗೆ ನಮ್ಮ ಮತಪತ್ರ ಅಂಚೆಯಲ್ಲಿ ಬಂತು, ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಂಡ ಮೇಲೆ. ಎರಡನೆಯದಕ್ಕೆ ಮನೆ ಬದಲಾಯಿಸಿದ್ದೇ ನೆಪವಾಗಿ ನಮ್ಮೆಲ್ಲರ ಹೆಸರೂ ಪಟ್ಟಿಯಿಂದ ಹಾರಿಹೋಗಿತ್ತು. ಮೂರನೆಯ ಸಲ ಅಂಚೆಯ ಗೊಡವೆಯೇ ಬೇಡವೆಂದು ನಿಯಮ ಬದಲಾಯಿಸಿದರು. ರಾಜಧಾನಿಯಲ್ಲಿರುವ ನಮ್ಮ ರಾಯಭಾರ ಕಚೇರಿಗೇ ಹೋಗಿ ಓಟು ಹಾಕಬೇಕು. ಇಡೀ ದೇಶದಲ್ಲಿ ಚದುರಿಕೊಂಡಿರುವ ನಮ್ಮವರಿಗೆಲ್ಲ ಅದೊಂದೇ ಬೂತು, ಅದೊಂದೇ ಭಾನುವಾರ.

ಅಣ್ಣನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿತ್ತು. ಅಮ್ಮನಿಗೆ ಮಂಡಿನೋವು, ರೈಲಿನಲ್ಲಿ ಅಷ್ಟು ದೂರ ಬೇಡ ಎಂದ. ಅಮ್ಮ ಊರಿನಲ್ಲಿ ಶಾಲೆಯ ಟೀಚರಾಗಿದ್ದವಳು, ಪ್ರತಿ ಚುನಾವಣೆಗೂ ಡ್ಯೂಟಿ ಮಾಡಿದವಳು.

“ಊರಿಗೆಲ್ಲ ಬೆರಳಿಗೆ ಶಾಯಿ ಹಚ್ಚಿದ್ದೀನಿ ಕಣೋ,” ಎಂದಳು. “ಈ ದೇಶಕ್ಕೆ ಬಂದ ಮೇಲೆ ನನ್ನ ಬೆರಳೇ ಬೋಳಾಗಿದೆ. ಮಂಡಿ ನೋಯ್ಲಿ, ಅದಕ್ಕೇನು, ಓಟು ಹಾಕೋದು ಮಂಡಿಯಲ್ಲಲ್ಲ.”

ಅಮ್ಮ, ಅತ್ತಿಗೆ, ನಾನು, ಮೂವರೂ ಬೆಳಗಿನ ಮೊದಲ ರೈಲು ಹತ್ತಿದೆವು.

ರಾಯಭಾರ ಕಚೇರಿ ಮುಟ್ಟುವಷ್ಟರಲ್ಲಿ ಸಾಲು ಕಾಂಪೌಂಡಿನ ಗೇಟು ದಾಟಿ, ಬೀದಿಯುದ್ದಕ್ಕೂ ಹೋಗಿ, ಮೂಲೆಯ ಔಷಧಿ ಅಂಗಡಿಯ ಹತ್ತಿರ ತಿರುಗಿತ್ತು. ನಾವು ಬಾಲಕ್ಕೆ ಸೇರಿಕೊಂಡೆವು. ನಮ್ಮ ಮುಂದೆ ನಿಂತಿದ್ದವರು ಟ್ಯಾಕ್ಸಿ ಓಡಿಸುವವರು. ಹೆಂಡತಿಯನ್ನೂ ಕೈಗೂಸನ್ನೂ ಕರೆದುಕೊಂಡು ನಮಗಿಂತ ದೂರದಿಂದ ಬಂದಿದ್ದರು. ಒಳಗಿನ ವ್ಯವಸ್ಥೆ ಅವರಿಂದಲೇ ತಿಳಿಯಿತು. ಒಬ್ಬೊಬ್ಬರದೂ ಒಂದೊಂದು ಕ್ಷೇತ್ರವಾದ್ದರಿಂದ ಮತಪತ್ರಗಳನ್ನು ಮೊದಲೇ ಅಚ್ಚು ಹಾಕಿಸಿಡಲು ಆಗುವುದಿಲ್ಲ. ಪಾಸ್‌ಪೋರ್ಟ್ ನೋಡಿ, ಹೆಸರು ಸಿಕ್ಕಿದ ಮೇಲೆ, ಅವರವರ ಕ್ಷೇತ್ರದ ಮತಪತ್ರವನ್ನು ಅಲ್ಲೇ ಪ್ರಿಂಟ್ ಮಾಡಿ ಕೈಗೆ ಕೊಡುತ್ತಾರೆ.

“ಎಷ್ಟು ಪ್ರಿಂಟರಂತೆ?” ಅತ್ತಿಗೆ ಕೇಳಿದರು.

“ಒಂದೇ ಅಂತೆ ಅಮ್ಮ.”

ಅತ್ತಿಗೆ ಸಾಲಿನ ಉದ್ದ ನೋಡಿದರು.

ಮಧ್ಯಾಹ್ನದ ತನಕ ಸಾಲು ಆಮೆಯ ಹಾಗಾದರೂ ಸರಿಯುತ್ತಿತ್ತು. ನಾವು ಗೇಟು ದಾಟಿ, ಅಂಗಳ ದಾಟಿ, ಮತದಾನದ ಸಭಾಂಗಣದ ಬಾಗಿಲ ಹತ್ತಿರ ಬರುವಷ್ಟರಲ್ಲಿ ಅದು ನಿಂತೇಹೋಯಿತು. ಬಾಗಿಲಿನಿಂದ ಒಳಗೆಲ್ಲ ಕಾಣುತ್ತಿತ್ತು. ಮೇಜುಗಳ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತ ಸಿಬ್ಬಂದಿ, ಗೋಡೆಗೆ ಆನಿಸಿ ಇಟ್ಟ ಎರಡು ಪ್ರಿಂಟರು, ಅವುಗಳ ನಡುವೆ ಬೆವರು ಒರೆಸಿಕೊಳ್ಳುತ್ತಾ ನಿಂತ ಚುನಾವಣಾಧಿಕಾರಿ. ಪಕ್ಷಗಳ ಏಜೆಂಟರಿಬ್ಬರು ಕುರ್ಚಿ ಬಿಟ್ಟು ಎದ್ದುನಿಂತಿದ್ದರು. ಅಧಿಕಾರಿ ಒಂದು ಗುಂಡಿ ಒತ್ತುವುದು, ಕಾಯುವುದು, ಮತ್ತೆ ಒತ್ತುವುದು. ಪ್ರಿಂಟರ್ ಕೊಡುವ ಕಂಪನಿಗೆ ಫೋನು ಮಾಡಿದರೆ ಭಾನುವಾರ ರಜೆ ಎಂದು ಧ್ವನಿಮುದ್ರಿಕೆ ಹೇಳುತ್ತಿತ್ತು.

ಸಾಲಿನಲ್ಲಿ ಗುಸುಗುಸು ಎದ್ದಿತು. ಸಣ್ಣ ಮಕ್ಕಳಿದ್ದ ಒಂದೆರಡು ಸಂಸಾರಗಳು ರೈಲು ತಪ್ಪುತ್ತದೆಂದು ಹೊರಟೇಬಿಟ್ಟವು. ಅತ್ತಿಗೆ ಅವರು ಹೋಗುವುದನ್ನೇ ನೋಡುತ್ತಿದ್ದರು. ಆಮೇಲೆ ಕೈಚೀಲವನ್ನು ನನ್ನ ಕೈಗೆ ಕೊಟ್ಟು, ಹೊಸ್ತಿಲ ಹತ್ತಿರ ಹೋಗಿ, ಒಳಗೆ ಕಾಲಿಡದೆ ನಿಂತರು.

“ಸರ್, ನಾನು ಆಫೀಸ್ ಪ್ರಿಂಟರ್‌ಗಳನ್ನ ನೋಡ್ಕೊಳ್ಳೋ ಕೆಲಸದಲ್ಲಿದ್ದೀನಿ. ಒಂದು ಮಾತು ಕೇಳಬಹುದಾ?”

ಅಧಿಕಾರಿ ತಲೆ ಎತ್ತಿದರು. “ಕೇಳಿ. ಆದ್ರೆ ನೀವು ಮತದಾರರು. ಈ ಯಂತ್ರ ಮುಟ್ಟೋಕೆ ನಿಮ್ಮನ್ನ ಬಿಡೋಕಾಗಲ್ಲ.”

“ಮುಟ್ಟಬಾರದು, ನಿಜ. ನಾನು ಇಲ್ಲಿಂದಲೇ ಹೇಳ್ತೀನಿ, ಕೈ ನಿಮ್ಮದೇ ಆಗಲಿ. ಬೆಳಿಗ್ಗೆ ಸರಿಯಾಗಿತ್ತಲ್ಲ? ಆಮೇಲೆ ಹೊಸದಾಗಿ ಏನು ತಂದು ಸೇರಿಸಿದ್ರಿ?”

“ಜನ ಜಾಸ್ತಿ ಅಂತ ಮೇಲಿನ ಮಹಡಿಯಿಂದ ಇನ್ನೊಂದು ಪ್ರಿಂಟರ್ ತರಿಸಿದ್ವಿ. ಅದೂ ನಡೀಲಿಲ್ಲ, ಇದೂ ನಿಂತುಹೋಯ್ತು.”

“ಎರಡಕ್ಕೂ ಒಂದೇ ವಿಳಾಸ ಇರಬೇಕು ಸರ್. ಒಂದೇ ಬೀದೀಲಿ ಎರಡು ಮನೆಗೆ ಒಂದೇ ನಂಬರ್ ಕೊಟ್ರೆ ಪೋಸ್ಟ್‌ಮ್ಯಾನ್ ಏನು ಮಾಡ್ತಾನೆ? ಹಾಗೇ ಲ್ಯಾಪ್‌ಟಾಪಿಗೂ ಎಲ್ಲಿಗೆ ಕಳಿಸಬೇಕು ಅಂತ ತಿಳೀತಿಲ್ಲ. ಎರಡರಲ್ಲೂ ವಿಳಾಸ ತೆಗೆದು ಓದಿ.”

ಅವರು ಹೇಳಿಕೊಟ್ಟ ಹಾಗೆ ಅಧಿಕಾರಿ ಎರಡು ಯಂತ್ರಗಳ ಪುಟ್ಟ ಪರದೆಯಲ್ಲೂ ಹುಡುಕಿ ಗಟ್ಟಿಯಾಗಿ ಓದಿದರು. ಅಂಕಿಗಳು ಒಂದೂ ಬಿಡದೆ ತಾಳೆಯಾದವು. ಅವರ ಮುಖ ಅರಳಿತು. “ಹಾಗಾದ್ರೆ ಹೊಸದನ್ನ ಕಿತ್ತುಹಾಕಿದ್ರೆ ಆಯ್ತು” ಎಂದು ಅದರ ವೈರ್‌ಗೆ ಕೈ ಹಾಕಿದರು.

“ಸರ್, ಕೀಳಬೇಡಿ. ದಯವಿಟ್ಟು ಕೈ ತೆಗೀರಿ,” ಎಂದರು ಅತ್ತಿಗೆ. ಅವರು ಅಷ್ಟು ಗಡುಸಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಧಿಕಾರಿ ಕೈ ಹಿಂದಕ್ಕೆ ತೆಗೆದುಕೊಂಡರು.

“ನಿಂತ ಮೇಲೆ ಎಷ್ಟು ಸಲ ಪ್ರಿಂಟ್ ಒತ್ತಿದ್ರಿ?”

“ಲೆಕ್ಕ ಇಟ್ಟಿಲ್ಲ. ನಾನೂ ಒತ್ತಿದ್ದೀನಿ, ಇವರೆಲ್ಲರೂ ಒತ್ತಿದ್ದಾರೆ.”

“ಒತ್ತಿದ್ದೆಲ್ಲ ಎಲ್ಲೂ ಹೋಗಿಲ್ಲ ಸರ್. ನಾವು ಹೊರಗೆ ನಿಂತ ಹಾಗೆ ಅವೂ ಒಳಗೆ ಸಾಲಾಗಿ ನಿಂತಿವೆ. ಈಗ ದಾರಿ ಬಿಟ್ರೆ ಎಲ್ಲ ಒಟ್ಟಿಗೆ ಆಚೆ ಬರ್ತವೆ. ಒಬ್ಬೊಬ್ಬರ ಹೆಸರಲ್ಲಿ ಎಷ್ಟೆಷ್ಟು ಮತಪತ್ರ ಬರುತ್ತೋ ಯಾರಿಗೆ ಗೊತ್ತು.”

ಅಧಿಕಾರಿಗೆ ತಕ್ಷಣ ಹೊಳೆಯಿತು. ಮತದಾರರಿಗಿಂತ ಹೆಚ್ಚು ಮತಪತ್ರ ಹೊರಗೆ ಬಿದ್ದರೆ ಇಡೀ ದಿನದ ಮತದಾನವೇ ರದ್ದಾಗುತ್ತಿತ್ತು. ಬೆಳಿಗ್ಗೆಯಿಂದ ಓಟು ಹಾಕಿ ಹೋದವರ ಶ್ರಮವೂ ನೀರಿನಲ್ಲಿ ಹೋಮವಾಗುತ್ತಿತ್ತು. ಅವರು ಒಂದು ಲೋಟ ನೀರು ಕುಡಿದು ಮತ್ತೆ ಯಂತ್ರದ ಮುಂದೆ ನಿಂತರು.

“ಮೊದಲು ಆ ಸಾಲನ್ನ ಖಾಲಿ ಮಾಡಿ,” ಅತ್ತಿಗೆ ಹೇಳಿದರು. “ಏಜೆಂಟರ ಎದುರಿಗೇ ಮಾಡಿ.”

ಏಜೆಂಟರಲ್ಲಿ ದಪ್ಪ ಕನ್ನಡಕದವರು ಅಡ್ಡ ಬಂದರು. “ಏನು ಅಳಿಸ್ತಿದ್ದಾರೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಈ ಅಮ್ಮ ಯಾರ ಕಡೆಯವರೋ.”

ನನಗೆ ಮೈ ಉರಿಯಿತು. ಅತ್ತಿಗೆ ಮಾತ್ರ ತಲೆಯಾಡಿಸಿದರು. “ನೀವು ಕೇಳ್ತಿರೋದು ಸರಿಯಾಗಿದೆ. ಪ್ರತಿ ಮತಪತ್ರಕ್ಕೂ ಒಂದು ಕ್ರಮಸಂಖ್ಯೆ ಇದೆಯಲ್ಲ? ಸರ್ ಒಂದೊಂದಾಗಿ ಓದಲಿ, ನೀವಿಬ್ಬರೂ ಬರ್ಕೊಳ್ಳಿ, ಆಮೇಲೆ ಅಳಿಸಲಿ. ಮತದಾರರ ಹೆಸರು ಮಾತ್ರ ಓದಬೇಡಿ. ನನಗೂ ಆ ಪರದೆ ಕಾಣದ ಹಾಗೆ ತಿರುಗಿಸಿಕೊಳ್ಳಿ.”

ಕನ್ನಡಕದವರು ಪೆನ್ನು ತೆಗೆದರು. ಇನ್ನೊಂದು ಪಕ್ಷದವರು ಅವರಿಗೆ ಹಾಳೆ ಕೊಟ್ಟರು. ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಮೇಜಿಗೆ ಬಗ್ಗಿ ಬರೆಯಲು ಕೂತರು.

ಅದು ಬೇಗ ಮುಗಿಯುವ ಕೆಲಸವಾಗಿರಲಿಲ್ಲ. ಹೊರಗೆ ತಾಳ್ಮೆ ಕೆಟ್ಟಿತ್ತು. “ಯಾರೋ ಹೆಂಗಸು ಒಳಗೆ ಹೋಗಿ ತಡೆದು ನಿಲ್ಲಿಸಿದ್ದಾಳಂತೆ” ಎಂಬ ಸುದ್ದಿ ಬೀದಿಯವರೆಗೂ ಹಬ್ಬಿತು. ಅದರ ಜೊತೆಗೆ ಇನ್ನೊಂದು ಆತಂಕ. ಮತದಾನದ ಹೊತ್ತು ಮುಗಿದಾಗ ಗೇಟು ಹಾಕುತ್ತಾರೆ, ಗೇಟಿನೊಳಗಿದ್ದವರಿಗೆ ಮಾತ್ರ ಓಟು. ಅರ್ಧಕ್ಕರ್ಧ ಜನ ಇನ್ನೂ ಬೀದಿಯಲ್ಲೇ ಇದ್ದರು.

ಅಮ್ಮ ಅಂಗಳವನ್ನೊಮ್ಮೆ ಕಣ್ಣಲ್ಲೇ ಅಳೆದಳು. ಸಾಲು ಗೇಟಿನಿಂದ ಬಾಗಿಲಿಗೆ ನೇರವಾಗಿ ನಿಂತಿತ್ತು, ಎರಡೂ ಬದಿಗೆ ಜಾಗ ಖಾಲಿ ಬಿದ್ದಿತ್ತು. ಕಾವಲುಗಾರನನ್ನು ಕರೆದು ತೋರಿಸಿದಳು. ಅವನು ಒಪ್ಪಿದ. ಅಮ್ಮ ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುತ್ತಿದ್ದ ಅದೇ ದನಿ ತೆಗೆದಳು.

“ಹಿಂದಿನವರು ಮುಂದಿನವರ ಪಕ್ಕಕ್ಕೆ ಮಡಚಿಕೊಂಡು ಬನ್ನಿ. ನೂಕಬೇಡಿ, ಯಾರ ಸರದಿಯೂ ತಪ್ಪಲ್ಲ. ಆ ಟೋಪಿಯವರೇ, ನಿಮಗೇ ಹೇಳ್ತಿರೋದು, ಒಂದು ಹೆಜ್ಜೆ ಎಡಕ್ಕೆ.”

ದೊಡ್ಡ ದೊಡ್ಡ ಗಂಡಸರೂ ಮರುಮಾತಾಡದೆ ಎಡಕ್ಕೆ ಸರಿದರು. ಟ್ಯಾಕ್ಸಿಯವರು ಮಗುವನ್ನು ಹೆಗಲಿಗೇರಿಸಿಕೊಂಡು ಬೀದಿಗೆ ಹೋಗಿ ಉಳಿದವರನ್ನು ಒಳಗೆ ಕರೆತಂದರು. ಸೀರೆ ಮಡಚಿದ ಹಾಗೆ ಸಾಲು ಅಂಗಳದಲ್ಲಿ ಮಡಿಕೆ ಮಡಿಕೆಯಾಗಿ ಕೂತಿತು. ಗೇಟು ಹಾಕುವ ಹೊತ್ತಿಗೆ ಬೀದಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ನಡುವೆ ಯಾರೋ “ಒಳಗೆ ತಡೆದಿರೋ ಆ ಹೆಂಗಸು ಯಾರಂತೆ?” ಎಂದು ಸಿಡುಕಿದರು. ಅಮ್ಮ ಅವರತ್ತ ತಿರುಗಿ, “ನನ್ನ ಸೊಸೆ. ಅವಳು ತಡೆದಿದ್ದಕ್ಕೇ ನಿಮ್ಮ ಓಟು ಉಳೀತು. ನೆಟ್ಟಗೆ ನಿಂತ್ಕೊಳ್ಳಿ” ಎಂದಳು.

ಒಳಗೆ ಕೊನೆಯ ಕ್ರಮಸಂಖ್ಯೆಯನ್ನೂ ಓದಿ ಅಳಿಸಿ, ಏಜೆಂಟರಿಬ್ಬರೂ ಸಹಿ ಹಾಕಿದರು. ಅತ್ತಿಗೆ ಹೇಳುತ್ತಾ ಹೋದಂತೆ ಅಧಿಕಾರಿ ಎರಡನೇ ಪ್ರಿಂಟರಿಗೆ ಬೇರೆ ವಿಳಾಸ ಕೊಟ್ಟು, ಅರ್ಧ ಲ್ಯಾಪ್‌ಟಾಪುಗಳನ್ನು ಅದಕ್ಕೆ ತಿರುಗಿಸಿದರು. ಮೊದಲು ಒಂದು ಖಾಲಿ ಹಾಳೆ ಕಳಿಸಿ ನೋಡಿದರು. ಒಂದೇ ಹಾಳೆ ಹೊರಗೆ ಬಂತು, ಅದರ ಹಿಂದೆ ಮತ್ತೊಂದು ಬರಲಿಲ್ಲ. ಕನ್ನಡಕದ ಏಜೆಂಟರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮೊದಲ ಸಲ ನಕ್ಕರು.

ಅಧಿಕಾರಿ ಹೊಸ್ತಿಲಿಗೆ ಬಂದರು. “ಒಳಗೆ ಬನ್ನಿ ಅಮ್ಮ, ಮೊದಲು ನಿಮ್ಮ ಓಟಾಗಲಿ. ಯಾರೂ ಬೇಡ ಅನ್ನಲ್ಲ.”

“ನನ್ನ ಜಾಗ ಅಲ್ಲಿದೆ ಸರ್, ಟ್ಯಾಕ್ಸಿಯವರ ಹಿಂದೆ,” ಎಂದು ಅತ್ತಿಗೆ ವಾಪಸು ಬಂದು ನಮ್ಮ ಜೊತೆ ನಿಂತರು. ಸುತ್ತಲಿದ್ದವರು ಚಪ್ಪಾಳೆ ತಟ್ಟತೊಡಗಿದಾಗ ಕೈಚೀಲದಲ್ಲಿ ಏನನ್ನೋ ಹುಡುಕುವವರ ಹಾಗೆ ತಲೆ ತಗ್ಗಿಸಿದರು. ನಾನು ಮಾತ್ರ ತಲೆ ಎತ್ತಿಕೊಂಡೇ ನಿಂತಿದ್ದೆ. ಅವರ ಕೈಚೀಲ ಇನ್ನೂ ನನ್ನ ಹೆಗಲಲ್ಲೇ ಇತ್ತು, ಅವರು ಹುಡುಕುತ್ತಿದ್ದದ್ದು ನನ್ನ ಕೈಯಲ್ಲಿ ನೇತಾಡುತ್ತಿದ್ದ ನನ್ನದೇ ಚೀಲದಲ್ಲಿ.

ಎರಡು ಪ್ರಿಂಟರುಗಳು ಓಡತೊಡಗಿದ ಮೇಲೆ ಸಾಲು ಸರಸರನೆ ಕರಗಿತು. ಅಮ್ಮ ಓಟು ಗುರುತು ಹಾಕುವ ಮರೆಯ ಹಿಂದೆ ಬಹಳ ಹೊತ್ತು ಇದ್ದಳು. ಹೊರಗೆ ಬಂದು ಶಾಯಿಯ ಬೆರಳನ್ನು ಸಂಜೆಯ ಬಿಸಿಲಿಗೆ ಹಿಡಿದು, “ಹಚ್ಚಿದವರಿಗೆ ಕೈಚಳಕ ಸಾಲದು, ಉಗುರಿನ ಬುಡಕ್ಕೆ ಬರಬೇಕಿತ್ತು” ಎಂದು ತಪ್ಪು ಹುಡುಕಿದಳು. ಅತ್ತಿಗೆ ಮತಪತ್ರವನ್ನು ಪೆಟ್ಟಿಗೆಗೆ ಹಾಕಿ ಒಂದು ನಿಮಿಷ ಅಲ್ಲೇ ನಿಂತರು. ಈ ದೇಶಕ್ಕೆ ಬಂದ ಮೇಲೆ ಅದು ಅವರ ಮೊದಲ ಓಟು.

ರೈಲಿನಲ್ಲಿ ಅವರು ಕಿಟಕಿಗೆ ಒರಗಿ ಕೂತಿದ್ದರು. ಆಮೇಲೆ ನಮ್ಮ ಕಡೆ ತಿರುಗಿದರು.

“ಮಕ್ಕಳನ್ನ ಕಟ್ಕೊಂಡು ಹೊರಟುಹೋದ್ರಲ್ಲ, ಅವರು ಹೋಗೋ ಮುಂಚೇನೇ ನಾನು ಬಾಯಿ ಬಿಡಬೇಕಿತ್ತು.”

“ನೀನು ಬಾಯಿ ಬಿಡದೇ ಇದ್ದಿದ್ರೆ ಒಬ್ಬರದೂ ಆಗ್ತಿರಲಿಲ್ಲ ಕಣೆ,” ಎಂದಳು ಅಮ್ಮ.

“ಅದು ಸರಿ ಅತ್ತೆ. ಆದ್ರೂ ಮುಂದಿನ ಸಲ ಹೀಗಾಗಬಾರದು.”

ಅದು ಬಾಯಿಮಾತಾಗಿ ಉಳಿಯಲಿಲ್ಲ. ಒಂದೇ ದಿನ, ಒಂದೇ ಊರು ಎಂಬ ಏರ್ಪಾಡಿನಿಂದ ಯಾರ್‍ಯಾರಿಗೆ ಓಟು ತಪ್ಪಿತೆಂದು ವಿವರಿಸಿ ಅತ್ತಿಗೆ ಆ ಅಧಿಕಾರಿಗೆ ಬರೆದರು. ಅವರೂ ಅದನ್ನು ಮೇಲಕ್ಕೆ ಕಳಿಸಿ ಹಟಕ್ಕೆ ಬಿದ್ದರಂತೆ. ಮುಂದಿನ ಚುನಾವಣೆಗೆ ಇಲ್ಲಿ ನಾವಿರುವ ಊರಿನಲ್ಲೇ ಒಂದು ಮತಗಟ್ಟೆಯಾಯಿತು. ಯಂತ್ರಗಳನ್ನು ಜೋಡಿಸುವ ದಿನ ಬಂದು ನೋಡಿಕೊಡಬೇಕೆಂದು ಅತ್ತಿಗೆಗೆ ರಾಯಭಾರಿಯವರೇ ಫೋನು ಮಾಡಿದರು. ಎಲ್ಲ ಪಕ್ಷದವರೂ ಎದುರಿಗಿದ್ದರೆ ಮಾತ್ರ ಬರುತ್ತೇನೆ ಎಂದು ಅತ್ತಿಗೆ ಷರತ್ತು ಹಾಕಿದರು. ಎಲ್ಲರೂ ಬಂದರು. ಆ ಸಲ ಅಣ್ಣನೂ ಡ್ಯೂಟಿ ಮುಗಿಸಿ ನಡೆದುಕೊಂಡೇ ಹೋಗಿ ಓಟು ಹಾಕಿ ಬಂದ.

ಅಮ್ಮನಿಗೆ ಈ ಕತೆಯಲ್ಲಿ ವಿಳಾಸ, ಜಾಲ, ಕ್ರಮಸಂಖ್ಯೆ ಯಾವುದೂ ಬೇಕಿಲ್ಲ. ಊರಿಂದ ಯಾರೇ ಫೋನು ಮಾಡಲಿ, ಆರೋಗ್ಯ ವಿಚಾರಿಸುವುದು ಮುಗಿದ ಕೂಡಲೇ ಶುರುಮಾಡುತ್ತಾಳೆ.

“ನನ್ನ ಸೊಸೆ ಇಲ್ಲಿ ಒಂದು ಸಲ ಚುನಾವಣೇನೇ ನಿಲ್ಲಿಸಿಬಿಟ್ಟಿದ್ಳು. ಎಲ್ಲ ಸರಿಯಾದ ಮೇಲೇನೇ ಬಿಟ್ಟಿದ್ದು.”

ಅತ್ತಿಗೆ ಒಳಕೋಣೆಯಿಂದ, “ಅತ್ತೆ, ಹಾಗಲ್ಲ ಅದು” ಎನ್ನುತ್ತಾರೆ. ಅಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು ಮುಂದುವರಿಸುತ್ತಾಳೆ.