ಹಬ್ಬಕ್ಕೂ ಮೊದಲೇ ಬರುವ ಗುರುಬಸವ್ವ

ತೇರದಾಳದ ಕಮಲಾಬಾಯಿಯವರ ಹಿತ್ತಲಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬನಹಟ್ಟಿಯಿಂದ ಸ್ಕೂಟಿಯಲ್ಲಿ ಬಂದಿಳಿದ ಪ್ಲಂಬರ್ ಗುರುಬಸವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲಿಗೆ ಒಂದು ಕೊಡ ನೀರು ಸುರಿದು ಕಿವಿಗೊಟ್ಟು ನಿಂತಿದ್ದಾರೆ. ನೀರು ಗುಳುಗುಳು ಸದ್ದು ಮಾಡುತ್ತ ತಡೆತಡೆದು ಇಳಿಯುತ್ತದೆ.

"ಕೇಳಿದ್ರಿಲ್ಲ? ಮುಂದ ಎಲ್ಲೋ ಕಟ್ಕೊಂಡೇತಿ" ಎನ್ನುತ್ತಾರೆ.

ದೀಪಾವಳಿ ಹತ್ತಿರ ಬಂದಿದೆ. ಪಾಡ್ಯದಂದು ಈ ಮನೆಯ ಮೊಮ್ಮಗಳು ಧನಶ್ರೀಯ ನಿಶ್ಚಿತಾರ್ಥ. ಸಾಂಗ್ಲಿ, ಕೊಲ್ಹಾಪುರದಿಂದ ಬೀಗರು ಬರುತ್ತಾರೆ. ಹೀಗೆ ಮನೆ ತುಂಬ ಜನ ಸೇರುವ ಮುನ್ನ ಹೋಗಿ ನೀರು ಹರಿಯುವ ದಾರಿ ನೋಡಿ ಬರುವುದೇ ಗುರುಬಸವ್ವನ ಕೆಲಸ.

ತೊಡಕು ಬೇರೆಯೇ ಇದೆ. ಕಮಲಾಬಾಯಿಯವರ ಮಗ ಅನಂತಪ್ಪ ಸಮಾರಂಭಕ್ಕೆಂದೇ ಹಿತ್ತಲಿಗೆಲ್ಲ ಹೊಸ ಟೈಲ್ಸ್ ಹಾಕಿಸಿದ್ದಾರೆ. ಗಟಾರಿನ ಚೇಂಬರಿನ ಮುಚ್ಚಳವೂ ಅದರಡಿ ಮುಚ್ಚಿಹೋಗಿದೆ. ಒಡೆಯುವ ಮಾತೆತ್ತಿದ್ದೇ ತಡ, ಎಲ್ಲ ಕಾರ್ಯ ಮುಗಿದ ಮೇಲೆ ನೋಡೋಣ ಎಂದು ಅನಂತಪ್ಪ ತಳ್ಳಿಹಾಕಿಬಿಡುತ್ತಾರೆ.

"ಒಡೀಲಿಕ್ಕೆ ನನಗೂ ಜೀವ ಒಪ್ಪೂದಿಲ್ರೀ ಅಣ್ಣಾರ. ಆದ್ರ ಬೀಗರು ಉಣ್ಣಾಕ ಕುಂತಾಗ ಬಚ್ಚಲ ನೀರು ತಿರುಗಿ ಅಡಗಿಮನಿಗೆ ಬಂದ್ರ ಏನ್ ಮಾಡೂದು?"

ಅನಂತಪ್ಪ ತಾಯಿಯ ಮುಖ ನೋಡುತ್ತಾರೆ. ಕಮಲಾಬಾಯಿ ಹೆಚ್ಚು ಯೋಚಿಸುವುದಿಲ್ಲ. "ಒಡಿ ಬೇ ಗುರುಬಸವ್ವ. ಟೈಲ್ಸ್ ಮತ್ತ ಹಾಕಸಬಹುದು, ಮಾನ ಹ್ವಾದ್ರ ಎಲ್ಲಿಂದ ತರೂದು?"

ಗುರುಬಸವ್ವ ಸುತ್ತಿಗೆಯಿಂದ ತಟ್ಟಿ ನೋಡಿ, ಒಂದು ಕಡೆ ಒಡೆಯುತ್ತಾರೆ. ಕೆಳಗೆ ಬರೀ ಮಣ್ಣು. ಅನಂತಪ್ಪನ ಮುಖ ಸಣ್ಣಗಾಗುತ್ತದೆ. ಗುರುಬಸವ್ವ ಮತ್ತೊಮ್ಮೆ ತಟ್ಟಿ ನೋಡುತ್ತಾರೆ. ಪಕ್ಕದ ಟೈಲ್ಸ್ ಎಬ್ಬಿಸಿದಾಗ ಮುಚ್ಚಳ ಸಿಗುತ್ತದೆ. ತೆಗೆದರೆ ಚೇಂಬರು ಅಂಚಿನವರೆಗೂ ತುಂಬಿದೆ: ಹೆಪ್ಪುಗಟ್ಟಿದ ಎಣ್ಣೆ ಜಿಡ್ಡು, ಚಹಾದ ಚರಟ, ನಾದಿದ ಹಿಟ್ಟಿನ ಮುದ್ದೆ. ಬಿದಿರ ಸೀಳಿನಿಂದ ಅದನ್ನೆಲ್ಲ ಎಳೆದು ತೆಗೆಯುವಷ್ಟರಲ್ಲಿ ಬಿಸಿಲೇರುತ್ತದೆ. ಕೊನೆಗೆ ನೀರು ಸರ್ರನೆ ಓಡಿದಾಗ ಅನಂತಪ್ಪನೇ ಕೊಡದ ಮೇಲೆ ಕೊಡ ಸುರಿದು ಸಣ್ಣ ಹುಡುಗನಂತೆ ನೋಡುತ್ತ ನಿಲ್ಲುತ್ತಾರೆ. ಆ ಜಾಗಕ್ಕೆ ಎತ್ತಿ ಇಡುವಂಥ ಮುಚ್ಚಳ ಮಾಡಿಸುತ್ತೇನೆ ಎಂದು ತಾವೇ ಹೇಳುತ್ತಾರೆ.

ಕೈಕಾಲು ತೊಳೆದುಕೊಂಡು ಗುರುಬಸವ್ವ ಅಡುಗೆಮನೆಗೆ ಹೋಗುತ್ತಾರೆ. ಜೈನರ ಮನೆ, ನಲ್ಲಿಯ ಬಾಯಿಗೆ ಸೋಸುವ ಬಿಳಿ ಬಟ್ಟೆ ಕಟ್ಟಿದೆ. "ಮ್ಯಾಲಿಂದ ಬರೋ ನೀರು ಸೋಸ್ತೀರಿ ಅವ್ವಾರ, ಕೆಳಗ ಹೋಗೋ ನೀರೂ ಸೋಸ್ರಿ" ಎಂದು ಸಿಂಕಿನ ತೂತಿಗೆ ಸ್ಟೀಲಿನ ಜಾಲರಿ ಕೂರಿಸುತ್ತಾರೆ. ಶೇವು, ಚಕ್ಕಲಿ ಕರಿದ ಬಾಣಲೆಯನ್ನು ಹಳೇ ಪೇಪರಿನಿಂದ ಒರೆಸಿಯೇ ತೊಳೆಯಬೇಕು, ಚಹಾದ ಚರಟ ಗಿಡಕ್ಕೆ ಹಾಕಬೇಕು ಎಂದು ಹೆಂಗಸರಿಗೆ ತಿಳಿಹೇಳುತ್ತಾರೆ.

ನೇಕಾರರ ಊರಾದ ಬನಹಟ್ಟಿಯಲ್ಲಿ ನೆಲೆಸಿದ್ದರೂ ಗುರುಬಸವ್ವ ಆ ಊರಿನ ಮಗಳಲ್ಲ. ತವರು ರನ್ನ ಬೆಳಗಲಿ. ಪ್ಲಂಬರ್ ಆಗಿದ್ದವರು ಗಂಡ ಅಂದಾನೆಪ್ಪ. ನೀರಿನ ಟಾಕಿಯ ಮೇಲಿಂದ ಬಿದ್ದು ಅವರ ಬೆನ್ನಿಗೆ ಪೆಟ್ಟಾದ ಮೇಲೆ, ಅಲ್ಲಿಯವರೆಗೆ ಪೈಪು ಹಿಡಿದುಕೊಳ್ಳುತ್ತಿದ್ದ ಹೆಂಡತಿ ಚೀಲ ಹೆಗಲಿಗೇರಿಸಿದರು. ರಬಕವಿಯ ಮೊದಲ ಮನೆಯಲ್ಲಿ ಯಜಮಾನರು ಗಂಡನನ್ನು ಕಳಿಸು ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದ್ದರಂತೆ. ಸಿಂಕು ತುಂಬಿ ಕಂಗಾಲಾಗಿದ್ದ ಅವರ ಹೆಂಡತಿಯೇ ಹಿತ್ತಲ ಬಾಗಿಲಿನಿಂದ ಕೂಗಿ ಕರೆದರು.

"ಗಂಡಸರು ಹಿತ್ತಲದಾಗ ನಿಂತು ಪೈಪ್ ನೋಡ್ತಾರ. ನಾ ಒಲಿ ಮುಂದ ಕುಂತು ಏನೇನ್ ಚೆಲ್ತಾರ ನೋಡ್ತೇನಿ" ಎನ್ನುತ್ತಾರೆ ಗುರುಬಸವ್ವ.

ಆದರೆ ಹೆಸರು ಹಬ್ಬಿದಂತೆ ಹಬ್ಬಗಳು ಕೈತಪ್ಪಿದವು. ಊರೆಲ್ಲ ಉಣ್ಣುವ ಹೊತ್ತಿಗೇ ಫೋನು. ಒಂದು ದೀಪಾವಳಿಗೆ ಮಗಳು ಪ್ರೀತಿ ಒಬ್ಬಳೇ ಪಣತಿ ಹಚ್ಚಿ, ಅವ್ವನಿಗಾಗಿ ಕಾದು, ಉಣ್ಣದೆ ಮಲಗಿಬಿಟ್ಟಿದ್ದಳು. ಅದನ್ನು ನೋಡಿದ ಮೇಲೆ ಗಂಡ ಹೆಂಡತಿ ಒಂದು ಉಪಾಯ ಮಾಡಿದರು. ಹಬ್ಬಕ್ಕೂ ಮೊದಲೇ ಅಂದಾನೆಪ್ಪ ಕೂತಲ್ಲಿಂದ ಮನೆಮನೆಗೆ ಫೋನು ಮಾಡುವುದು, ಗುರುಬಸವ್ವ ಹೋಗಿ ನೋಡಿ ಬರುವುದು. ಏನೂ ಕೆಡದೆ ಪ್ಲಂಬರ್ ಯಾಕೆ ಎಂದು ಆರಂಭದಲ್ಲಿ ಜನ ನಕ್ಕರು. ಈಗ ಜಮಖಂಡಿ, ಮುಧೋಳದಿಂದಲೂ ಕರೆಯುತ್ತಾರೆ.

ಪಾಡ್ಯದ ಮಧ್ಯಾಹ್ನ ಬನಹಟ್ಟಿ ಬಸ್ ನಿಲ್ದಾಣದಲ್ಲಿ ಗುರುಬಸವ್ವ ಮತ್ತೆ ಕಾಣಿಸುತ್ತಾರೆ. ಇಳಕಲ್ ಸೀರೆ, ಕೈಯಲ್ಲಿ ಕರ್ಚಿಕಾಯಿಯ ಡಬ್ಬಿ, ಪಕ್ಕದಲ್ಲಿ ಗಂಡ, ಮಗಳು. ಅಷ್ಟರಲ್ಲಿ ಅಂದಾನೆಪ್ಪನ ಜೇಬಿನ ಫೋನು ಬಡಿದುಕೊಳ್ಳುತ್ತದೆ. ಕಮಲಾಬಾಯಿ. ತಾಯಿ ಮಗಳು ಇಬ್ಬರೂ ಅವರ ಮುಖವನ್ನೇ ನೋಡುತ್ತಾರೆ. ಅಂದಾನೆಪ್ಪ ಹೂಂಗುಟ್ಟುತ್ತ ಕೇಳಿ, ಮೆಲ್ಲಗೆ ನಗುತ್ತಾರೆ. ಬೀಗರ ಊಟವಾಯಿತಂತೆ, ನೀರು ಎಲ್ಲಿಯೂ ನಿಂತಿಲ್ಲವಂತೆ, ಗುರುಬಸವ್ವ ಊಟಕ್ಕೆ ಬರಲೇಬೇಕಂತೆ.

ರನ್ನ ಬೆಳಗಲಿಯ ಬಸ್ಸು ಬಂದು ನಿಲ್ಲುತ್ತದೆ. ಗುರುಬಸವ್ವ ಮಗಳನ್ನು ಮೊದಲು ಹತ್ತಿಸಿ, ಮೆಟ್ಟಿಲ ಮೇಲೆ ನಿಂತು, ಇನ್ನೂ ಫೋನು ಕಿವಿಗಿಟ್ಟುಕೊಂಡೇ ಇರುವ ಗಂಡನಿಗೆ ಹೇಳುತ್ತಾರೆ:

"ಇವತ್ತ ತವರಮನಿಗೆ ಹೊಂಟೇನಿ ಅಂತ ಹೇಳ್ರಿ."